ತಲೆ ಎತ್ತಿದ ಕೇಳುಗರು

ನನಗೆ ಹೊಗಳಿಕೆ ಕಂಡರೆ ಭಯ. ವಿನಯಕ್ಕೆ ಹೇಳುತ್ತಿಲ್ಲ, ರೇಷ್ಮೆ ಹುಳ ಸಾಕುವ ಮನೆಗೆ ಸೊಸೆಯಾಗಿ ಬಂದದ್ದರ ಫಲ ಇದು. ನಮ್ಮ ಶಿಡ್ಲಘಟ್ಟದ ಮನೆಯಲ್ಲಿ ಹುಳ ಮೇಯುತ್ತಿರುವಾಗ ಯಾರೂ ‘ಚೆನ್ನಾಗಿವೆ’ ಎನ್ನುವ ಹಾಗಿಲ್ಲ. ದೃಷ್ಟಿಯಾಗುತ್ತದೆ. ಹುಳ ಮೈತುಂಬಿ ಹೊಳೆಯುತ್ತಿದ್ದರೂ ನನ್ನ ಓರಗಿತ್ತಿ ರತ್ನಕ್ಕ ಮುಖ ಗಂಟುಹಾಕಿಕೊಂಡು “ಏನೋ ಅವೆ” ಎನ್ನುತ್ತಾಳೆ. ಒಮ್ಮೆ ರೋಗ ಬಡಿದು ಇಡೀ ಬೆಳೆಯನ್ನು ಗುಂಡಿಗೆ ಹಾಕಿ ಮಣ್ಣು ಮುಚ್ಚಿದ ಮೇಲೆ ಮಾತ್ರ, “ಎಷ್ಟು ಚೆನ್ನಾಗಿದ್ವು ಕಣೇ!” ಎಂದು ಬಾಯಿತುಂಬ ಹೊಗಳಿದ್ದಳು. ಅಂದಿನಿಂದ ಯಾರಾದರೂ ನನ್ನನ್ನು ಹೊಗಳಿದರೆ ಮೊದಲು ನಾಡಿ ಹಿಡಿದು ನೋಡಿಕೊಳ್ಳುತ್ತೇನೆ.

ಇಂಥವಳು ಐವತ್ತು ದಾಟಿದ ಮೇಲೆ ಡಿಜೆ ಕಲಿಯಲು ಹೊರಟೆ. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವ ಮೇಡಂಗೆ ಇದೇನು ಬಂತು ಅನ್ನುತ್ತೀರಾ? ಎಲ್ಲರೂ ಹಾಗೇ ಅಂದರು. ರತ್ನಕ್ಕನ ಮಗಳು ಸೌಮ್ಯ ಮಾತ್ರ, “ಚಿಕ್ಕಮ್ಮ, ನನ್ನ ರಿಸೆಪ್ಷನ್‌ಗೆ ನೀವೇ ಡಿಜೆ. ಬೇರೆಯವರನ್ನ ಕರೆಸೋದೇ ಇಲ್ಲ” ಎಂದು ಹಟ ಹಿಡಿದಳು. ಹುಡುಗಿಯ ಮದುವೆಯ ಸಂಜೆ ನನ್ನ ಕೈಗೆ ಬಂತು. ಎರಡು ತಟ್ಟೆಗಳ ಪುಟ್ಟ ಯಂತ್ರವೂ ಬಂತು. ಹಾಡು ಹಾಕುವುದು ಯಾರಿಗಾದರೂ ಬರುತ್ತದೆ; ಕಷ್ಟವಿರುವುದು ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟಿಸುವುದರಲ್ಲಿ. ಕುಣಿಯುವವರ ಕಾಲಿಗೂ ತಿಳಿಯದಂತೆ ಹಳೆಯ ತಾಳ ಹೋಗಿ ಹೊಸದು ಬರಬೇಕು. ನನ್ನ ಕೈಯಲ್ಲಿ ಅವೆರಡೂ ಬಸ್‌ಸ್ಟ್ಯಾಂಡಿನಲ್ಲಿ ಸೀಟಿಗೆ ಜಗಳವಾಡುವವರಂತೆ ಒಂದರ ಮೇಲೊಂದು ಬೀಳುತ್ತಿದ್ದವು.

ಹೇಗಿದೆ ಅಂತ ಕೇಳೋಣವೆಂದರೆ ನಿಜ ಹೇಳುವವರೇ ಇಲ್ಲ. ನಮ್ಮೆಜಮಾನರು ಪೇಪರಿನಿಂದ ಕಣ್ಣೆತ್ತದೆ “ಸೂಪರ್” ಎಂದರು. ಸ್ಕೂಲಿನವರಿಗೆ ಕಳಿಸಿದರೆ ಮೊಬೈಲಿನ ತುಂಬ ಹೆಬ್ಬೆಟ್ಟು ಬಂದವು. ಕೊನೆಗೆ ರತ್ನಕ್ಕನಿಗೇ ಕೇಳಿಸಿದೆ. ಅವಳು ನನ್ನ ಬೆನ್ನು ಸವರಿ, “ಚೆನ್ನಾಗೈತೆ ಕಣಮ್ಮ” ಎಂದಳು. ನಾನು ನಾಡಿ ಹಿಡಿದು ನೋಡಿಕೊಂಡೆ.

ಅಭ್ಯಾಸಕ್ಕೆ ಸಿಕ್ಕಿದ್ದು ಹುಳದ ಮನೆಯ ಪಕ್ಕದ ಸೊಪ್ಪಿನ ಕೋಣೆ. ಗೋಡೆಯಾಚೆ ಹುಳ ಹಿಪ್ಪುನೇರಳೆ ಮೇಯುವ ಸದ್ದು ಜಿಟಿಜಿಟಿ ಮಳೆಯಂತೆ ಕೇಳುತ್ತಲೇ ಇರುತ್ತದೆ. ಒಂದು ದಿನ ದೀಪ ಹಚ್ಚುವ ಹೊತ್ತಿನಲ್ಲಿ ಹಾಡು ದಾಟಿಸಿದೆ. ತಾಳ ತಪ್ಪಿತು. ತಪ್ಪಿದ ಕ್ಷಣವೇ ಗೋಡೆಯಾಚೆಯ ಮಳೆ ನಿಂತಿತು. ಬಾಗಿಲ ಪರದೆಯಿಂದ ಇಣುಕಿದೆ. ಸಾಲು ಸಾಲು ತಟ್ಟೆಗಳಲ್ಲಿ ಅಷ್ಟೂ ಹುಳ ಬೆಳ್ಳಗೆ ತಲೆ ಎತ್ತಿ ಅಲ್ಲಾಡದೆ ನಿಂತಿದ್ದವು. ಅಷ್ಟೂ ನನ್ನ ಕಡೆಗೇ.

“ಅಕ್ಕಾ, ಹುಳ ಮೇಯೋದು ನಿಲ್ಲಿಸಿಬಿಟ್ವು!” ಎಂದು ಓಡಿದೆ.

“ನೀನು ನಿಲ್ಲಿಸಮ್ಮ, ಅವು ಮೇಯ್ತಾವೆ” ಎಂದಳು, ಸೊಪ್ಪು ಹೆಚ್ಚುತ್ತಲೇ.

ನಿಲ್ಲಿಸಿದೆ, ಮೇಯತೊಡಗಿದವು. ಹುಳಕ್ಕೆ ಕಿವಿಯಿಲ್ಲವೆಂದು ನಮ್ಮ ಸ್ಕೂಲಿನ ವಿಜ್ಞಾನದ ಮೇಷ್ಟ್ರು ಹೇಳುತ್ತಾರೆ. ಇರಬಹುದು. ಆದರೆ ಯೋಚಿಸಿ: ಈ ಜೀವ ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಚರ್ಮ ಬಿಡುತ್ತದೆ. ನಮ್ಮ ಕಡೆ ಅದನ್ನು ಜ್ವರ ಎನ್ನುತ್ತೇವೆ. ಜ್ವರದಲ್ಲಿ ತಿನ್ನದೆ, ಅಲುಗದೆ, ತಲೆ ಎತ್ತಿಕೊಂಡು ಕೂತು, ಹಳೆಯ ಮೈಯಿಂದ ಹೊಸ ಮೈಗೆ ದಾಟುತ್ತದೆ. ದಾಟುವುದು ಅಂದರೇನೆಂದು ಅದಕ್ಕಿಂತ ಚೆನ್ನಾಗಿ ಬಲ್ಲವರು ಯಾರು? ಮರುದಿನದಿಂದ ಸದ್ದು ತಗ್ಗಿಸಿ, ಕಿವಿಯನ್ನು ಗೋಡೆಗೇ ಕೊಟ್ಟು ಕಲಿತೆ. ತಪ್ಪಿದಾಗಲೆಲ್ಲ ಆ ಮೌನ. ಒಂದು ಸಂಜೆ ಹಾಡು ದಾಟಿತು, ಮಳೆ ನಿಲ್ಲಲಿಲ್ಲ. ಸಂತೋಷಕ್ಕೆ ಅಳು ಬಂತು. ಅಷ್ಟರಲ್ಲಿ ಹುಳ ಮೇವು ಬಿಟ್ಟು ಹಣ್ಣಾಗಿ, ಬಿದಿರಿನ ಚಂದ್ರಿಕೆಯ ಮೇಲೆ ಗೂಡು ಕಟ್ಟಿ, ಮಾರ್ಕೆಟ್ಟಿಗೆ ಹೋದವು. ಅಲ್ಲಿಂದ ನೂಲು ಬಿಚ್ಚುವ ಬಿಸಿನೀರಿಗೆ.

ರಿಸೆಪ್ಷನ್ ಸಂಜೆ ಚಿಂತಾಮಣಿಯ ಛತ್ರದಲ್ಲಿ ಯಂತ್ರದ ಹಿಂದೆ ನಿಂತು ನೋಡುತ್ತೇನೆ, ಎದುರಿಗೆ ಬರೀ ರೇಷ್ಮೆ ಸೀರೆ. ಹಾಡಿನ ನಡುವೆಯೂ ಅವುಗಳ ಸರಸರ ಕೇಳುತ್ತಿತ್ತು, ಕೇಳಿದಂತಾಯಿತೋ ಏನೋ. ಸದ್ದು ಗುರುತಿನದೇ, ಸೊಪ್ಪಿನ ಕೋಣೆಯ ಮಳೆ. ಎರಡನೆಯ ಹಾಡನ್ನು ಮೆಲ್ಲಗೆ ಏರಿಸಿದೆ. ಸರಸರ ನಿಂತಿತು. ಅಷ್ಟೂ ಹೆಂಗಸರು ಒಟ್ಟಿಗೆ ತಲೆ ಎತ್ತಿ ನನ್ನ ಕಡೆ ನೋಡಿದರು. ಒಬ್ಬರೂ ಅಲ್ಲಾಡಲಿಲ್ಲ. ಕೈ ತೆಗೆದರೆ ಕೆಟ್ಟೆ ಎಂದುಕೊಂಡು ತೆಗೆಯಲಿಲ್ಲ. ಹೊಸ ತಾಳ ಬಿತ್ತು. ಅದರ ಮೇಲೆ ಸರಿಯಾಗಿ ಸೌಮ್ಯಳ ಹೆಜ್ಜೆ ಬಿತ್ತು. ಅವಳು ಕೂಗಿ ನಕ್ಕಳು, ಇಡೀ ಛತ್ರ ಮತ್ತೆ ಸರಸರ ಎಂದಿತು.

ಊಟದ ಹೊತ್ತಿಗೆ ಬಂದವರೆಲ್ಲ ಹೊಗಳಿದರು. ನಾನು ನಾಡಿ ಹಿಡಿದುಕೊಂಡೇ ರತ್ನಕ್ಕನನ್ನು ಹುಡುಕಿದೆ. ಅವಳು ಮುಖ ಗಂಟುಹಾಕಿಕೊಂಡು, ಕಣ್ಣೊರೆಸಿಕೊಳ್ಳುತ್ತ, “ಏನೋ ಇತ್ತು ಬಿಡೇ” ಎಂದಳು. ಅಬ್ಬ, ಬದುಕಿದೆ!

ಮನೆಗೆ ಬಂದು ನನ್ನ ರೇಷ್ಮೆ ಸೀರೆ ಮಡಿಸುವಾಗ ಅದನ್ನೂ ಕೇಳಿದೆ, ಹೇಗಿತ್ತು ಅಂತ. ಸದ್ಯ, ಅದು ಹೊಗಳಲಿಲ್ಲ.