ರಾಬಿನ್ ಟೊರೆನ್ಸ್‌ನ ಟೋಪಿ

ರಾಬಿನ್ ಟೊರೆನ್ಸ್ ಪೀಪಾಯಿ ಮಾಡುತ್ತಿದ್ದ. ಮನೊಂಗಹೇಲಾ ಹೊಳೆಯ ಆಚೀಚೆ ಯಾರ ಮನೆಯ ವಿಸ್ಕಿಯೇ ಇರಲಿ, ಅದು ಬೀಳುವುದು ಅವನ ಪೀಪಾಯಿಗೆ. ಮಾತು ಕಮ್ಮಿ. ಇಂಗ್ಲಿಷರ ಮೇಲಿನ ಯುದ್ಧದಲ್ಲಿ ಎಡಗೈಯ ಎರಡು ಬೆರಳು ಹೋಗಿದ್ದವು. ಯಾರಾದರೂ ಕೇಳಿದರೆ, "ದೇಶಕ್ಕೆ ಕೊಟ್ಟಿದ್ದು, ವಾಪಸ್ ಕೇಳೋಕಾಗುತ್ತಾ" ಅನ್ನುತ್ತಿದ್ದ. ಎಲ್ಸ್‌ಪೆತ್ ಅವನನ್ನು ಮದುವೆಯಾದದ್ದು ಆ ಮಾತಿಗೇ.

ಬೆಟ್ಟದಾಚೆ ಫಿಲಡೆಲ್ಫಿಯಾದಲ್ಲಿ ಕೂತ ಹೊಸ ಸರ್ಕಾರ ವಿಸ್ಕಿ ಮೇಲೆ ತೆರಿಗೆ ಹಾಕಿತು. ಕಾಸು ಕಣ್ಣಿಗೆ ಬೀಳದ ಊರು. ಕಾಳಿನ ಮೂಟೆ ಬೆಟ್ಟ ಹತ್ತಿಸಲಾಗದೆ ಅದನ್ನೇ ಭಟ್ಟಿಗೆ ಹಾಕಿ ವಿಸ್ಕಿ ಇಳಿಸುವ ಜನ, ಉಪ್ಪಿಗೂ ವಿಸ್ಕಿಯನ್ನೇ ಅಳೆದು ಕೊಡುವ ಜನ. ಊರು ಕುದಿಯಿತು. ಎಲ್ಸ್‌ಪೆತ್‌ಳ ತಮ್ಮ ಯೂವನ್ ಎಲ್ಲರಿಗಿಂತ ಮುಂದೆ. ತೆರಿಗೆ ಕೊಡೆವೆಂದು ಸಾರಲು ಗಿರಣಿಯ ಮುಂದೆ ಸ್ವಾತಂತ್ರ್ಯದ ಕಂಬ ನಿಲ್ಲಿಸಬೇಕು, ಬುಡಕ್ಕೆ ಕಬ್ಬಿಣದ ಪಟ್ಟಿ ಕೊಡು ಎಂದು ಭಾವನ ಹತ್ತಿರ ಬಂದ.

"ಕೊಡಲ್ಲ," ಅಂದ ರಾಬಿನ್.

"ಯಾಕೆ ಭಾವ, ಫಿಲಡೆಲ್ಫಿಯಾದ ದೊರೆಗಳು ಬಂದು ನಿನ್ನ ಕಾಲೊತ್ತುತ್ತಾರಾ?"

"ಹಲಗೆ ಎಷ್ಟೇ ಚೆನ್ನಾಗಿರಲಿ, ಸುತ್ತ ಪಟ್ಟಿ ಇಲ್ಲದಿದ್ರೆ ಪೀಪಾಯಿ ಆಗಲ್ಲ. ಒಂದೊಂದು ರಾಜ್ಯಾನೂ ಒಂದೊಂದು ಹಲಗೆ. ಮೇಲಿನ ಸರ್ಕಾರ ಬಿಗೀಬೇಕು."

"ಬಿಗಿದೂ ಬಿಗಿದೂ ಹಲಗೆ ಸೀಳಿದ್ರೆ? ನಮ್ಮ ತೆರಿಗೆ ನಮ್ಮೋರು ಹಾಕ್ಲಿ. ನಮ್ಮ ಮುಖಾನೇ ನೋಡದೋರು ಯಾಕೆ?"

"ಸೋರೋದಕ್ಕಿಂತ ವಾಸಿ."

ಎಲ್ಸ್‌ಪೆತ್ ಇಬ್ಬರಿಗೂ ಗಂಜಿ ಬಡಿಸಿ, "ಬಾಯಿಗೆ ಸ್ವಲ್ಪ ಬೇರೆ ಕೆಲಸ ಕೊಡಿ," ಅಂದಳು.

ಕಂಬ ಪಟ್ಟಿಯಿಲ್ಲದೇ ನಿಂತಿತು. ತೆರಿಗೆ ವಸೂಲಿಯವನ ಮನೆಗೆ ಜನ ಬೆಂಕಿ ಇಟ್ಟರು. ಸರ್ಕಾರದ ಸೇನೆ ಹೊರಟಿದೆ ಎಂಬ ಸುದ್ದಿ ಬಂದ ಮೇಲೆ ಊರಿನ ಬಿಸಿ ಇಳಿಯಿತು. ಇನ್ನು ಕಾನೂನಿಗೆ ತಲೆಬಾಗುತ್ತೇವೆ ಎಂದು ಸಹಿ ಹಾಕಿದವರಿಗೆ ಕ್ಷಮೆ ಎಂದು ಸಾರಿ, ಸರ್ಕಾರದವರು ಗಿರಣಿಯಲ್ಲಿ ಮೇಜು ಹಾಕಿದರು. ಅದೊಂದೇ ದಿನ. ಯೂವನ್ ಬೆಳಿಗ್ಗೆಯೇ ಸಹಿ ಹಾಕಿ ಬಂದು ಭಾವನನ್ನೂ ಕರೆದ.

"ನಾನೇನು ಮಾಡಿದೀನಿ ಅಂತ ಕ್ಷಮೆ ಕೇಳ್ಲಿ?" ರಾಬಿನ್ ಹಲಗೆ ಹೆರೆಯುತ್ತಲೇ ಇದ್ದ.

"ಒಂದು ಗೀಟು ಮಾರಾಯ, ಎಳೆದು ಬಾ," ಅಂದಳು ಎಲ್ಸ್‌ಪೆತ್.

"ಎಳೆದ್ರೆ ತಪ್ಪು ಒಪ್ಪಿಕೊಂಡಂಗೆ. ಅದು ನಮ್ಮ ಸೇನೆ ಕಣೇ. ನನ್ನ ಯಾಕೆ ಮುಟ್ತಾರೆ?"

ನವೆಂಬರಿನ ಒಂದು ಮುಂಜಾನೆ ಮುಟ್ಟಿದರು. ಸಹಿ ಹಾಕದವರ ಮನೆಗೇ ನೇರ ಬಂದಿದ್ದರು. ಜೋಡು ಮೆಟ್ಟಲೂ ಬಿಡಲಿಲ್ಲ. ಎಲ್ಸ್‌ಪೆತ್ ಟೋಪಿಯನ್ನು ಅವನ ಕೈಗೆ ತುರುಕಿದಳು. "ದೊಡ್ಡವರ ಹತ್ರ ಮಾತಾಡಿ ಸಂಜೆಗೆ ಬರ್ತೀನಿ," ಅಂದ.

ವಸಂತದಲ್ಲಿ ಬಂದದ್ದು ಟೋಪಿ. ಬಿಡುಗಡೆಯಾದ ನೆರೆಯವನೊಬ್ಬ ತಂದುಕೊಟ್ಟು ನಡೆದದ್ದು ಹೇಳಿದ. ಸೂರಿಲ್ಲದ ದೊಡ್ಡಿಯಲ್ಲಿ ಮಂಜಿಗೆ ಒಡ್ಡಿ ಕೂಡಿಹಾಕಿದ್ದರು. ಆಮೇಲೆ ಬೆಟ್ಟ ದಾಟಿಸಿ ಫಿಲಡೆಲ್ಫಿಯಾಕ್ಕೆ ನಡೆಸಿದರು. ಅಲ್ಲಿ ಬೀದಿಯಲ್ಲಿ ಮೆರೆಸುವಾಗ, ದಂಗೆಕೋರರೆಂದು ಗುರುತು ಸಿಗಲಿ ಅಂತ ಎಲ್ಲರ ಟೋಪಿಗೂ ಬಿಳಿ ಕಾಗದ ಸಿಕ್ಕಿಸಿದರು. ರಾಬಿನ್ ಜೈಲಿನಲ್ಲಿ ಜ್ವರ ಬಂದು, ವಿಚಾರಣೆಗೆ ಮುಂಚೆಯೇ ಸತ್ತ. ಹೂಳಿದ್ದೂ ಅಲ್ಲೇ.

ಯೂವನ್ ಬಂದ. ಕಾಗದ ಇನ್ನೂ ಟೋಪಿಯಲ್ಲೇ ಇತ್ತು. ಕೀಳಲು ಕೈ ಹಾಕಿದ.

"ಕೀಳಬೇಡ. ಹಾಕ್ಕೋ."

"ಅಕ್ಕಾ..."

"ಕಂಬ ನಿಲ್ಸಿದ ತಲೆ ಯಾವುದು? ಹಾಕ್ಕೋ."

ಹಾಕಿಕೊಂಡ. ದೊಡ್ಡದಾಯಿತು, ಕಿವಿ ಮುಚ್ಚಿತು. "ತೆಗೀಲಾ?" ಅಂದ.

"ಮನೆವರೆಗೂ ಹಂಗೇ ಹೋಗು. ಗಿರಣಿ ಮುಂದೇನೇ ಹೋಗು."

ಹೋದ. ಎಲ್ಸ್‌ಪೆತ್ ನಿಂತು ನೋಡಲಿಲ್ಲ. ರಾಬಿನ್ ಹೆರೆದಿಟ್ಟಿದ್ದ, ಪಟ್ಟಿ ಕಾಣದ ಹಲಗೆಗಳನ್ನು ಒಲೆಗೆ ಹಾಕಿ ಗಂಜಿ ಬೇಯಿಸಿದಳು. ಒಣಗಿದ ಓಕ್ ಮರ. ಚೆನ್ನಾಗಿ ಉರಿಯಿತು.