ಏಕಾದಶಿಯ ಸೂಜಿ

ಕುಷಾಯಿಗೂಡದ ಆ ಎರಡು ಕೋಣೆಯ ಮನೆ ನನಗೆ ಈಗಲೂ ಬೇಕೆನಿಸುತ್ತದೆ. ಐಟಿ ಭರಾಟೆಯ ವರ್ಷಗಳವು. ಅಮೆರಿಕದ ಡಾಕ್ಟರುಗಳು ತಮ್ಮ ರೋಗಿಗಳ ಬಗ್ಗೆ ಹೇಳಿ ಕಳಿಸಿದ್ದನ್ನು ಹೆಡ್‌ಫೋನಿನಲ್ಲಿ ಕೇಳಿ ಟೈಪ್ ಮಾಡುವುದು ನನ್ನ ಕೆಲಸ. ಇನ್ಸುಲಿನ್ ರಕ್ತದ ಸಕ್ಕರೆಯನ್ನು ಜೀವಕೋಶಗಳಿಗೆ ಸೇರಿಸುತ್ತದೆ. ಸಕ್ಕರೆ ತೀರಾ ಇಳಿದರೆ ಗ್ಲುಕಗಾನ್ ಎಂಬ ಇನ್ನೊಂದು ಹಾರ್ಮೋನು ಯಕೃತ್ತಿನಲ್ಲಿ ಕೂಡಿಟ್ಟದ್ದನ್ನು ಹೊರಗೆ ಬಿಡಿಸುತ್ತದೆ. ಇದೆಲ್ಲ ನನಗೆ ಬಾಯಿಪಾಠ. ಅವ್ವನ ಮುಂದೆ ಜಂಬವನ್ನೂ ಕೊಚ್ಚಿಕೊಳ್ಳುತ್ತಿದ್ದೆ.

ಅವ್ವನಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಶುರುವಾಗಿ ಹತ್ತು ದಿನವೂ ಆಗಿರಲಿಲ್ಲ, ಏಕಾದಶಿ ಬಂತು. ಮಾತ್ರೆ ನುಂಗಲು ನೀರಾದರೂ ಬೇಕು, ಸೂಜಿಗೆ ಅದೂ ಬೇಡ, ಉಪವಾಸ ಕೆಡುವುದಿಲ್ಲ ಎಂದು ಖುಷಿಯಿಂದ ಚುಚ್ಚಿಕೊಂಡು ಪೂಜೆಗೆ ಕೂತಳು. ನಾನೂ ನಕ್ಕೆ. ಊಟವಿಲ್ಲದ ಮೈಯಲ್ಲಿ ಆ ಇನ್ಸುಲಿನ್ ಏನು ಮಾಡೀತು ಎಂದು ದಿನವೂ ಟೈಪ್ ಮಾಡುತ್ತಿದ್ದ ನನಗೇ ಹೊಳೆಯಲಿಲ್ಲ.

ಹತ್ತೂವರೆಗೆ ಕೆಲಸಕ್ಕೆ ಹೊರಟಾಗ ಅವ್ವ ನನ್ನನ್ನು ದಿಟ್ಟಿಸಿದಳು.

"ನೀ ಯಾರ? ನನ್ನ ಮನ್ಯಾಗ ಯಾಕ ನಿಂತಿ?"

ಹಿಂದಿನ ದಿನವಷ್ಟೇ ನಾನೊಂದು ಗಂಡು ಬೇಡವೆಂದಿದ್ದೆ, ದೊಡ್ಡ ಜಗಳವಾಗಿತ್ತು. ಚುಚ್ಚಿ ಮಾತಾಡುತ್ತಿದ್ದಾಳೆ ಎಂದುಕೊಂಡು ಬಾಗಿಲು ಧಡಾರನೆ ಹಾಕಿ ನಡೆದೆ. ನನ್ನ ಸಿಟ್ಟಿಗೆ ಬೆಂಕಿ ಹಾಕ!

ಬಸ್‌ಸ್ಟಾಪಿನಲ್ಲಿ ನೋಡಿಕೊಂಡರೆ ಕೊರಳಲ್ಲಿ ಆಫೀಸಿನ ಐಡಿ ಕಾರ್ಡ್ ಇರಲಿಲ್ಲ. ಗೊಣಗುತ್ತಾ ವಾಪಸ್ ಬಂದೆ.

ಅವ್ವ ದೇವರ ಕಟ್ಟೆಗೆ ಒರಗಿದ್ದಳು. ಸೀರೆ ಬೆವರಿನಲ್ಲಿ ತೊಯ್ದಿತ್ತು, ಕೈಗಳು ನಡುಗುತ್ತಿದ್ದವು. ಸಕ್ಕರೆ ಇಳಿದಾಗ ಮೈ ಹೀಗೇ ಕೂಗಿಕೊಳ್ಳುತ್ತದೆ, ಮೆದುಳು ಮಂಕಾಗಿ ಮನೆಯವರ ಗುರುತೂ ತಪ್ಪುತ್ತದೆ. ಆಗ ಅರ್ಥವಾಯಿತು. ನೈವೇದ್ಯಕ್ಕಿಟ್ಟ ಸಕ್ಕರೆಯನ್ನೇ ನೀರಿಗೆ ಕಲಸಿ ಬಾಯಿಗಿಟ್ಟೆ. ಇನ್ನೂ ಎಚ್ಚರವಿತ್ತು, ನುಂಗಿದಳು. ಕಾಲು ಗಂಟೆ ನನ್ನ ಜೀವದಲ್ಲಿ ಜೀವವಿರಲಿಲ್ಲ.

ಆಮೇಲೆ ಕಣ್ಣು ತಿಳಿಯಾಗಿ, "ಉಪವಾಸ ಮುರೀತಲ್ಲ" ಎಂದಳು. ತಾನು ಕೇಳಿದ್ದು, ನಾನು ಬಿಟ್ಟು ಹೋದದ್ದು, ಯಾವುದೂ ಅವಳಿಗೆ ನೆನಪಿರಲಿಲ್ಲ. ನಾನೂ ಹೇಳಲಿಲ್ಲ.

ಅಂದಿನಿಂದ ತಟ್ಟೆ ಮುಂದಿಟ್ಟುಕೊಂಡೇ ಸೂಜಿ ಹಿಡಿಯುತ್ತಿದ್ದಳು. ತೀರಿಕೊಳ್ಳುವವರೆಗೂ ಮನೆಗೆ ಬಂದವರಿಗೆಲ್ಲ ಒಂದೇ ಕತೆ.

"ಅವತ್ತ ನನ್ನ ಮಗಳು ನನ್ನ ಬಿಟ್ಟು ಒಂದು ಹೆಜ್ಜಿ ಕದಲಲಿಲ್ರಿ."

ನಾನು ಚಹಾದ ನೆಪ ಹೇಳಿ ಅಡುಗೆಮನೆಗೆ ಹೋಗುತ್ತಿದ್ದೆ.