ಮುರುಕು ಕೋಡಿನ ಚಿಗರಿ

ನಾನು ಸಣ್ಣವಳಿದ್ದಾಗ ಹೆಬ್ಬಳ್ಳಿಯ ಎರೆಹೊಲಗಳಲ್ಲಿ ಚಿಗರಿ ಕಾಣುವುದು ಏನೂ ದೊಡ್ಡ ಮಾತಾಗಿರಲಿಲ್ಲ. ಹಿಂಗಾರಿ ಕಡಲೆ ಕಾಯಿಗಟ್ಟುವ ಹೊತ್ತಿಗೆ ಹಿಂಡು ಹಿಂಡಾಗಿ ಬರುತ್ತಿದ್ದವು. ಚಳಿಯ ಮುಂಜಾನೆ ಕಡಲೆ ಗಿಡ ಸವರಿದರೆ ಬೆರಳಿಗೆ ಹುಳಿ ಹತ್ತುತ್ತಿತ್ತು. ಆ ಬೆರಳು ನೆಕ್ಕುತ್ತ, ಉಡಿಯ ತುಂಬ ಹಸಿಕಡಲೆಯ ಸುಲಗಾಯಿ ಕಟ್ಟಿಕೊಂಡು, ಓಣಿಯ ಹುಡುಗಿಯರೆಲ್ಲ ಬದುವಿನ ಮೇಲೆ ಚಿಗರಿಯ ಹಾಗೆ ಜಿಗಿಯುವ ಪಂದ್ಯ ಕಟ್ಟುತ್ತಿದ್ದೆವು. ಇಂಥದನ್ನೆಲ್ಲ ಸಮಾಧಾನದಿಂದ ಹೇಳಬೇಕೆಂದೇ ಕೂತಿದ್ದೇನೆ. ಆದರೆ ಚಿಗರಿ ಅಂದ ಕೂಡಲೇ ನನಗೆ ಸಿಟ್ಟು ನೆತ್ತಿಗೇರುತ್ತದೆ. ಏರಲಿ ಬಿಡಿ, ಆ ಸಿಟ್ಟು ಖೊಟ್ಟಿಯದಲ್ಲ.

ನಾವು ಸಾವಕಾರರ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಮುಸಲ್ಮಾನರು. ವರ್ಷಕ್ಕೊಮ್ಮೆ, ಕಡಲೆಯ ಕಾಲದಲ್ಲಿ, ಒಂದೇ ಒಂದು ಚಿಗರಿ ಹೊಡೆಯುವುದು ನಮ್ಮಲ್ಲಿ ನಡೆದು ಬಂದಿತ್ತು. ಲೈಸನ್ಸಿನ ಬಂದೂಕು ಸಾವಕಾರರದು. ಅವರು ಲಿಂಗ ಕಟ್ಟಿದವರು, ಮಾಂಸ ಮುಟ್ಟುವವರಲ್ಲ, ಬಂದೂಕು ಕೊಟ್ಟು ಸುಮ್ಮನಿರುತ್ತಿದ್ದರು. ಗುರಿ ನಮ್ಮ ಅಬ್ಬಾನದು. ಯಾವ ಚಿಗರಿಯನ್ನು ಹೊಡೆಯಬೇಕೆಂದು ಆರಿಸುವುದು ಮಾತ್ರ ಅಬ್ಬಾನ ತಾಯಿ, ನಮ್ಮ ದಾದಿಯದು. ಹೊಡೆಯುವವನು ಆರಿಸಬಾರದು, ಆರಿಸುವವರು ಬಂದೂಕು ಮುಟ್ಟಬಾರದು. ಇದು ನಮ್ಮ ಮನೆಯ ಕಟ್ಟಳೆ.

"ಕೈಯಾಗ ಬಂದೂಕ ಬಂತಂದ್ರ ಗಂಡಸರಿಗೆ ಕೋಡು ಬಿಟ್ಟು ಬ್ಯಾರೆ ಏನೂ ಕಾಣಂಗಿಲ್ಲ" ಎನ್ನುತ್ತಿದ್ದಳು ದಾದಿ.

ಮಾಂಸ ಓಣಿಯ ಮನೆಮನೆಗೆ ಹಂಚಿಕೆಯಾಗುತ್ತಿತ್ತು, ಬಾಣಂತಿ ಇದ್ದ ಮನೆಗೆ ಮೊದಲು. ಕಲೇಜಿ, ಅಂದರೆ ಈಲಿ, ಮಾತ್ರ ಆರಿಸಿದವರಿಗೆ. ಉಪ್ಪು ಖಾರ ಹಚ್ಚಿ ಕೆಂಡದ ಮೇಲೆ ಸುಟ್ಟ ಆ ಕಲೇಜಿಯ ವಾಸನೆಗೆ ನಾನು ದಾದಿಯ ಸೆರಗು ಬಿಡುತ್ತಿರಲಿಲ್ಲ.

ಆ ವರ್ಷ ದಾದಿಯ ಕಣ್ಣಿಗೆ ಪೊರೆ ಬಂದು ಅಂಗಳದ ಆಡೂ ಮಸುಕಾಗಿತ್ತು. ಒಂದು ದಿನ ಊಟಕ್ಕೆ ಕೂತಾಗ ಹೇಳಿಬಿಟ್ಟಳು: "ಈ ವರ್ಷ ಫಾತೂ ಆರಿಸ್ತಾಳ."

"ಭಾಳ ಸಣ್ಣಾಕಿ ಅದಾಳಲ್ಲಮ್ಮಾ" ಎಂದ ಅಬ್ಬಾ.

"ಆಕಿ ಸಣ್ಣಾಕಿ. ಕಣ್ಣೇನು ಸಣ್ಣವ ಅದಾವೇನು?"

ನಮ್ಮ ಮನೆಯಲ್ಲಿ ಉರ್ದು, ಕನ್ನಡ ಎರಡೂ ಕಲಸಿದ ಮಾತು. ದಾದಿ ಅಚ್ಚ ಕನ್ನಡಕ್ಕೆ ಇಳಿದಳೆಂದರೆ ಮುಂದೆ ಯಾರೂ ವಾದ ಮಾಡುತ್ತಿರಲಿಲ್ಲ. ಅಬ್ಬಾ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ. ನನಗೋ ಆ ರಾತ್ರಿ ನಿದ್ದೆ ಬಂದರೆ ಕೇಳಿ! ಮನೆಯಲ್ಲಿ ನೀರು ತಾ, ಕಸ ಹೊಡಿ ಎಂಬುದನ್ನು ಬಿಟ್ಟು ನನಗೆ ಯಾರು ಏನು ಹೇಳಿದ್ದರು? ಈಗ ಇಡೀ ಓಣಿ ಉಣ್ಣುವುದು ನನ್ನ ಮಾತಿನಂತೆ ಆಗಬೇಕಿತ್ತು.

ಬಂದೂಕಿಲ್ಲದೆ ಹೋಗಿ ನೋಡುವುದೇ ಮೊದಲ ಕೆಲಸ. ಮುಂಜಾನೆ ದಾದಿಯ ಕೈ ಹಿಡಿದು ಜಾಲಿ ಗಿಡದ ಬುಡಕ್ಕೆ ಕರೆದೊಯ್ದು ಕೂಡುತ್ತಿದ್ದೆ. ಅವಳು ಕೇಳುವುದು, ನಾನು ಹೇಳುವುದು.

"ಏನ್ ಕಾಣತೈತಿ ಹೇಳು."

"ಕರೇದು ಒಂದು ಐತಿ ದಾದಿ. ಹೊಟ್ಟಿ ಬೆಳ್ಳಗ, ಮೈ ಕರ್ರಗ. ಕೋಡು ನೋಡಬೇಕು ನೀ, ಹುರಿ ಹಾಕಿದಂಗ ಸುತ್ತಿಕೊಂಡು..."

"ಕೋಡು ಕೇಳಿದ್ನೇನು ನಿನ್ನ? ಕೋಡು ಕುದಿಸಿದ್ರ ಸಾರು ಆಕ್ಕೈತೇನು? ಕಾಲು ನೋಡು. ಮೇಯೂದು ನೋಡು. ಆ ಕರೇದು ಹಿಂಡಿನ ಯಜಮಾನ. ಅದನ್ನ ಹೊಡದ್ರ ಬರೂ ವರ್ಷ ಮರಿ ಎಲ್ಲಿಂದ ಬರಬೇಕು?"

ಹಾಗೆ ನೋಡುತ್ತ ನೋಡುತ್ತ ನನಗೊಂದು ಕಂಡಿತು. ಮುದಿ ಗಂಡು, ಒಂದು ಕೋಡು ಅರ್ಧಕ್ಕೆ ಮುರಿದದ್ದು, ಹಿಂಗಾಲು ಎಳೆಯುತ್ತಿತ್ತು. ಉಳಿದ ಗಂಡುಗಳು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ದಿನ ದಿನವೂ ಅದು ದೂರದಲ್ಲಿ ಒಂದೇ ನಿಂತಿರುತ್ತಿತ್ತು. ದಾದಿಗೆ ಹೇಳಿದೆ. ಅವಳು ಮರಳಿ ಮರಳಿ ಕೇಳಿ, ಕೊನೆಗೆ, "ಹಂಗಾರ ನಿನ್ನ ಬಾಯಿಂದ ಹೇಳು" ಎಂದಳು.

"ಮುರುಕು ಕೋಡಿಂದು" ಎಂದೆ. ಅಬ್ಬಾನಿಗೂ ಕರೆದು ತೋರಿಸಿದೆ. ಅವನು ತಲೆಯಾಡಿಸಿ ನನ್ನ ಬೆನ್ನು ತಟ್ಟಿದ. ಖರೇ ಹೇಳುತ್ತೇನೆ, ತಟ್ಟಿದ.

ಮರುದಿನ ಬಂದೂಕಿನ ಜೊತೆ ಮೋಟಾರೂ ಬಂತು. ಬಂದವನು ಸಾವಕಾರರ ಮಗ, ಹುಬ್ಬಳ್ಳಿಯಲ್ಲಿ ಅರಳೆ ವ್ಯಾಪಾರ ಮಾಡುತ್ತಿದ್ದವನು. ಅಲ್ಲಿ ಹೊಸ ಬಂಗಲೆ ಕಟ್ಟಿಸಿದ್ದನಂತೆ.

"ಇಮಾಮಸಾಬ, ದಿವಾನಖಾನಿ ಗ್ವಾಡಿಗೆ ಒಂದು ಜೋಡಿ ಕೋಡು ಬೇಕು ನೋಡು. ಆ ಕರೇದನ್ನ ಹೊಡಿ" ಎಂದ ಅಬ್ಬಾನಿಗೆ.

ಅಬ್ಬಾ ಕೈ ಕಟ್ಟಿಕೊಂಡು ಹೇಳಿದ: "ನಮ್ಮ ಹುಡುಗಿ ಬ್ಯಾರೇದು ಆರಿಸ್ಯಾಳ್ರಿ, ಮುರುಕು ಕೋಡಿಂದು."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಹುಡುಗಿ ಆರಿಸಾಕ ಇದೇನು ಬಳಿ ಅಂಗಡಿ ಏನೋ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ.

ಅಬ್ಬಾನೂ ನಕ್ಕ.

ಹೊಲ ಅವರದು, ಬಂದೂಕು ಅವರದು, ಇಲ್ಲ ಅನ್ನುವ ತಾಕತ್ತು ಅಬ್ಬಾನಿಗೆ ಇರಲಿಲ್ಲ. ಅದು ನನಗೆ ಆಗಲೂ ಗೊತ್ತಿತ್ತು, ಈಗಲೂ ಗೊತ್ತು. ಹೊಡೆದದ್ದನ್ನು ನಾನು ಹೇಗಾದರೂ ನುಂಗಿಕೊಳ್ಳುತ್ತಿದ್ದೆನೋ ಏನೋ. ಆದರೆ ನಕ್ಕದ್ದೇಕೆ? ನಗು ಅಂತ ಅವನಿಗೆ ಯಾರು ಹೇಳಿದ್ದರು?

"ಅದಲ್ಲ ಅಬ್ಬಾ, ಅದಲ್ಲ!" ಎಂದು ಚೀರುತ್ತ ಕಡಲೆ ಸಾಲಿನಲ್ಲಿ ಓಡಿದೆ. ನಾನು ಮುಟ್ಟುವುದರೊಳಗೆ ಬಂದೂಕು ಹಾರಿತ್ತು. ಕರಿ ಚಿಗರಿ ಒಮ್ಮೆ ಎತ್ತರಕ್ಕೆ ಜಿಗಿದು ಬಿತ್ತು. ಹಿಂಡೆಲ್ಲ ಧೂಳೆಬ್ಬಿಸಿ ಓಡಿತು. ಎಲ್ಲಕ್ಕಿಂತ ಹಿಂದೆ ಕುಂಟುತ್ತ ಹೋಗುತ್ತಿದ್ದದ್ದು ನಾನು ಆರಿಸಿದ ಮುದಿಯ. ಅಬ್ಬಾ ಓಡಿ ಹೋಗಿ ಜೀವ ಇರುವಾಗಲೇ ಬಿಸ್ಮಿಲ್ಲಾ ಅಂದು ಕುತ್ತಿಗೆಗೆ ಚೂರಿ ಹಾಕಿದ. ಆಮೇಲೆ ತಲೆಯನ್ನು ಕೋಡಿನ ಸಮೇತ ಬೇರೆ ಮಾಡಿ ಗೋಣಿತಟ್ಟಿನಲ್ಲಿ ಸುತ್ತಿ ಮೋಟಾರಿನಲ್ಲಿ ಇಟ್ಟ. ಆ ಮಹಾರಾಯ ಮೂಗಿಗೆ ಕರವಸ್ತ್ರ ಹಿಡಿದು ದೂರ ನಿಂತಿದ್ದ. "ಮಾಂಸ ನೀವ ಇಟ್ಕೋರಿ, ನಮ್ಮನ್ಯಾಗ ನಡಿಯಂಗಿಲ್ಲ" ಎಂದ. ಮಾಂಸದ ವಾಸನೆ ನಡೆಯುವುದಿಲ್ಲವಂತೆ, ಕಡಿದ ರುಂಡ ನಡೆಯುತ್ತದಂತೆ!

ಮನೆಗೆ ಬಂದ ಮೇಲೆ ದಾದಿ ಚರ್ಮದ ಮೇಲೆ ಕೈಯಾಡಿಸಿದಳು. ಕಣ್ಣು ಕಾಣದಿದ್ದರೇನು, ಆ ಮೈತುಂಬಿದ ನುಣುಪು ಕೂದಲು ಕೈಗೆ ತಿಳಿಯಿತು.

"ಇದು ಮುದೇದಲ್ಲ" ಎಂದಳು. ಅಬ್ಬಾ ಒಲೆಯ ಮುಂದೆ ಕೂತು ತಾನೇ ಕಲೇಜಿ ಸುಟ್ಟು, ತಾಟಿನಲ್ಲಿ ಹಾಕಿ ನನ್ನ ಮುಂದೆ ಹಿಡಿದ. "ತಗೋ ಫಾತೂ, ಆರಿಸಿದಾಕಿ ನೀನ."

"ನಾ ಆರಿಸಿದ್ದು ಇನ್ನೂ ಹೊಲದಾಗ ಐತಿ. ಇದನ್ನ ಹುಬ್ಬಳ್ಳಿ ಬಂಗಲಿಗೆ ಕಳಿಸು. ಆರಿಸಿದಾಂವ ಅಲ್ಲಿ ಅದಾನ" ಎಂದು ತಾಟು ದಬ್ಬಿದೆ.

ಅಬ್ಬಾ ಕೈಯೆತ್ತಿದ. ದಾದಿ ಅಂದಳು: "ಹೊಡಿ, ಹೊಡಿ. ಇವತ್ತ ಆರಿಸದ್ದನ್ನ ಹೊಡಿಯೂದು ಛಲೋ ಕಲ್ತಿ." ಎತ್ತಿದ ಕೈ ಇಳಿಯಿತು. ಓಣಿಯ ತುಂಬ ಸಾರಿನ ಘಮಘಮ, ನಾನೂ ದಾದಿಯೂ ಒಣ ರೊಟ್ಟಿ ತಿಂದು ಮಲಗಿದೆವು.

ಮಾಂಸವಾದರೆ ತಿಂದು ಮರೆಯುತ್ತಾರೆ. ಗೋಡೆಯ ಮೇಲಿನ ಕೋಡು ಬಂದವರನ್ನೆಲ್ಲ ಕೆಣಕುತ್ತದೆ. ಆ ದಿವಾನಖಾನೆಯಲ್ಲಿ ಚಹಾ ಕುಡಿದವರೆಲ್ಲ ತಮ್ಮ ಗೋಡೆಗೂ ಬೇಕೆಂದರು. ಮುಂದಿನ ವರ್ಷದಿಂದ ಮೋಟಾರುಗಳ ಸಾಲು. ಎತ್ತರದ ಕೋಡು ಕಂಡಲ್ಲೆಲ್ಲ ಗುಂಡು. ಆರಿಸು ಎಂದು ದಾದಿಯನ್ನು ಯಾರೂ ಕೇಳಲಿಲ್ಲ, ಅವಳು ಅದೇ ಸಂಕಟದಲ್ಲಿ ತೀರಿಕೊಂಡಳು. ನನ್ನನ್ನಂತೂ ಯಾರು ಕೇಳುತ್ತಾರೆ? ನನ್ನ ಮದುವೆಗೆ ಉಣಕಲ್ಲಿನ ಗಂಡನ್ನೂ ಅಬ್ಬಾನೇ ಆರಿಸಿದ.

ಎಷ್ಟೋ ವರ್ಷಗಳ ಮೇಲೆ ಆ ಬಂಗಲೆಯ ಮದುವೆಗೆ ಹಳೆಯ ಒಕ್ಕಲೆಂದು ನಮಗೂ ಕರೆ ಬಂತು. ಅಬ್ಬಾನನ್ನು ಕೈಹಿಡಿದು ಕರೆದೊಯ್ದೆ. ಕೋಡು ಗೋಡೆಯ ಮೇಲೇ ಇತ್ತು, ಒಂದಕ್ಕೆ ಯಾರೋ ಕೊಡೆ ನೇತುಹಾಕಿದ್ದರು. ಮುದುಕನಾಗಿದ್ದ ಆ ಮನುಷ್ಯ ಬೀಗರಿಗೆ ತೋರಿಸಿ, "ಈ ಇಮಾಮಸಾಬ ಹೊಡದದ್ದು. ಎಂಥಾದ್ದು ಆರಿಸಿದ್ವಿ ನೋಡ್ರಿ!" ಎಂದ.

"ನೀವು ಆರಿಸಿದ್ರಿ. ನಾ ಆರಿಸಿದ್ದು ಬ್ಯಾರೆ ಇತ್ತು. ಅದನ್ನ ಹೊಡದಿದ್ರ ನಿಮ್ಮ ಗ್ವಾಡಿ ಖಾಲಿ ಇರ್ತಿತ್ತು, ನಮ್ಮ ಹೊಲ ತುಂಬಿರ್ತಿತ್ತು" ಎಂದೆ.

ಎಲ್ಲರೂ ನಕ್ಕರು. ಅಬ್ಬಾ ಮಾತ್ರ ನಗಲಿಲ್ಲ. ಅಂದು ನಗದಿದ್ದರೆ ಸಾಕಿತ್ತಲ್ಲ ನನ್ನಪ್ಪಾ, ಈಗ ನಗದೆ ಏನು ಬಂತು?

ಮೊನ್ನೆ ಕಡಲೆಯ ಕಾಲದಲ್ಲಿ ಹೆಬ್ಬಳ್ಳಿಗೆ ಹೋಗಿದ್ದೆ. ಬೆರಳಿಗೆ ಹುಳಿ ಹಾಗೆಯೇ ಹತ್ತಿತು. ಬದುವಿನ ಮೇಲೆ ಬಿಸಿಲೇರುವವರೆಗೂ ಕೂತೆ. ದಾದಿ ಪಕ್ಕದಲ್ಲಿದ್ದಿದ್ದರೆ "ಏನ್ ಕಾಣತೈತಿ ಹೇಳು" ಅನ್ನುತ್ತಿದ್ದಳು. ಏನೂ ಇಲ್ಲ ದಾದಿ. ಮುರುಕು ಕೋಡಿಂದು ಸುದ್ದಾ ಇಲ್ಲ.